ರಿಗಿ ಬೆಟ್ಟದ ಹಲ್ಲಿನ ಹಳಿ ರೈಲು: ಒಂದು ದಿನದ ಪ್ರಯಾಣಕ್ಕೆ ಮಾರ್ಗದರ್ಶಿ

ಸ್ವಿಟ್ಜರ್ಲೆಂಡ್ ಪ್ರವಾಸ ಅಂದ ಕೂಡಲೇ ನಮ್ಮವರ ಬಾಯಲ್ಲಿ ಬರುವುದು ಹೆಚ್ಚಾಗಿ ಎರಡು ಹೆಸರು: ಯುಂಗ್‌ಫ್ರೌ, ಟಿಟ್ಲಿಸ್. ಹಿಮ ಮುಟ್ಟಬೇಕು, ಫೋಟೋ ತೆಗೆಸಿಕೊಳ್ಳಬೇಕು ಅನ್ನುವವರಿಗೆ ಅವೇ ಸರಿ. ಆದರೆ ರೈಲು ಅಂದರೆ ಪ್ರೀತಿ ಇರುವವರು, ಊಟಿ ರೈಲಿನಲ್ಲಿ ಕಿಟಕಿ ಸೀಟಿಗಾಗಿ ಕಾದು ಕೂತವರು, ಲುಸರ್ನ್ ಪಕ್ಕದ ರಿಗಿ ಬೆಟ್ಟಕ್ಕೆ ಒಂದು ಪೂರ್ತಿ ದಿನ ಇಡಬೇಕು. ಯುರೋಪಿನಲ್ಲಿ ಹಲ್ಲಿನ ಹಳಿಯ ಮೇಲೆ ಬೆಟ್ಟ ಹತ್ತಿದ ಮೊದಲ ರೈಲು ಇಲ್ಲಿಯದು. 1871ರ ಮೇ 21ರಂದು ಶುರುವಾಯಿತು. ಇವತ್ತಿಗೂ ಅದೇ ದಾರಿಯಲ್ಲಿ ಓಡುತ್ತಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ರಿಗಿಯಲ್ಲಿ ನೋಡಬೇಕಾದದ್ದು ತುದಿಯ ನೋಟ ಮಾತ್ರ ಅಲ್ಲ, ಅಲ್ಲಿಗೆ ಕರೆದುಕೊಂಡು ಹೋಗುವ ಹಳಿಯೂ ಹೌದು. ಬಹಳ ಜನ ರೈಲು ಹತ್ತುತ್ತಾರೆ, ತುದಿಯಲ್ಲಿ ಅರ್ಧ ಗಂಟೆ ಇರುತ್ತಾರೆ, ಬಂದ ದಾರಿಯಲ್ಲೇ ಇಳಿಯುತ್ತಾರೆ. ಹಾಗೆ ಮಾಡಿದರೆ ಈ ಬೆಟ್ಟದ ಅರ್ಧ ಕಥೆ ಕೈತಪ್ಪಿ ಹೋಗುತ್ತದೆ. ಬೆಟ್ಟಕ್ಕೆ ಎರಡು ರೈಲು ದಾರಿಗಳಿವೆ. ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯಿರಿ. ಈ ಲೇಖನ ಬರೆದಿರುವುದೇ ಆ ಸುತ್ತನ್ನು ಹೇಗೆ ಮಾಡುವುದು ಅಂತ ಹೇಳೋಕೆ.

ಹೊರಡುವ ಮುಂಚೆ ಸ್ವಲ್ಪ ಹಿನ್ನೆಲೆ

ಈ ರೈಲಿನ ಹಿಂದಿರುವ ಮನುಷ್ಯ ನಿಕ್ಲಾಸ್ ರಿಗ್ಗೆನ್‌ಬಾಖ್. 1817ರಲ್ಲಿ ಅಲ್ಸಾಸ್ ಸೀಮೆಯಲ್ಲಿ ಹುಟ್ಟಿದವರು. ಮುಂದೆ ಸ್ವಿಟ್ಜರ್ಲೆಂಡಿನ ಓಲ್ಟನ್ ಊರಿನ ರೈಲ್ವೆ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ಹತ್ತಿರದ ಹೌವೆನ್‌ಷ್ಟೈನ್ ಏರಿನಲ್ಲಿ ಇಂಜಿನ್ನಿನ ಚಕ್ರಗಳು ಆಗಾಗ ಜಾರುತ್ತಿದ್ದವು. ನುಣುಪಾದ ಹಳಿ, ನುಣುಪಾದ ಚಕ್ರ. ಏರು ಜಾಸ್ತಿಯಾದರೆ ಇಂಜಿನ್ನಿಗೆ ಎಷ್ಟು ಶಕ್ತಿ ಇದ್ದರೂ ಚಕ್ರ ನಿಂತಲ್ಲೇ ತಿರುಗುತ್ತದೆ. ಹಾಗಾದರೆ ಎರಡು ಹಳಿಗಳ ನಡುವೆ ಹಲ್ಲಿರುವ ಮೂರನೆಯ ಹಳಿ ಹಾಕಿ, ಇಂಜಿನ್ನಿನ ಕೆಳಗೆ ಒಂದು ಹಲ್ಲಿನ ಚಕ್ರ ಕೂರಿಸಿ, ಅದು ಹಳಿಯನ್ನು ಕಚ್ಚಿಕೊಂಡು ಹತ್ತುವಂತೆ ಮಾಡಿದರೆ? 1863ರಲ್ಲಿ ಅವರು ಫ್ರಾನ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದಲ್ಲಿ ಸಿಲ್ವೆಸ್ಟರ್ ಮಾರ್ಷ್ ಎಂಬವರು ಇಂಥದ್ದೇ ರೈಲನ್ನು 1869ರಲ್ಲಿ ತುದಿ ಮುಟ್ಟಿಸಿದ್ದರು. ಅದಾಗಿ ಎರಡು ವರ್ಷಕ್ಕೆ ರಿಗಿಯ ರೈಲು ಶುರುವಾಯಿತು. ಶುರುವಾದ ದಿನ ರಿಗ್ಗೆನ್‌ಬಾಖ್ ಅವರ 54ನೇ ಹುಟ್ಟುಹಬ್ಬ.

ಎರಡು ದಾರಿ ಯಾಕೆ ಅಂತ ಕೇಳಬಹುದು. ಬೆಟ್ಟ ಎರಡು ಕ್ಯಾಂಟನ್‌ಗಳಿಗೆ ಹಂಚಿಹೋಗಿದೆ, ಅದಕ್ಕೆ. ಕ್ಯಾಂಟನ್ ಅಂದರೆ ಅಲ್ಲಿನ ರಾಜ್ಯ. ಕೆರೆಯ ಕಡೆ ಲುಸರ್ನ್, ತುದಿ ಇರುವುದು ಷ್ವೀಟ್ಸ್‌ನಲ್ಲಿ. ಹಾಗಾಗಿ 1871ರಲ್ಲಿ ಫಿಟ್ಸ್‌ನೌ ಊರಿಂದ ಹೊರಟ ರೈಲು ಗಡಿಯ ಹತ್ತಿರದ ಸ್ಟಾಫೆಲ್‌ಹೋಹೆ ತನಕ ಬಂದು ನಿಂತಿತು. ಅಲ್ಲಿಂದ ಮೇಲಕ್ಕೆ ಹಳಿ ಹಾಕುವ ಹಕ್ಕನ್ನು ಷ್ವೀಟ್ಸ್ ಸರ್ಕಾರ ತನ್ನ ಕಡೆಯ ಕಂಪನಿಗೆ ಕೊಟ್ಟಿತು. 1873ರಲ್ಲಿ ಹಳಿ ತುದಿ ಮುಟ್ಟಿತು. 1875ರಲ್ಲಿ ಬೆಟ್ಟದ ಇನ್ನೊಂದು ಬದಿಯ ಆರ್ಟ್, ಗೋಲ್ಡೌ ಊರುಗಳ ಕಡೆಯಿಂದ ಎರಡನೆಯ ದಾರಿಯೂ ತೆರೆಯಿತು. ನೂರಕ್ಕೂ ಹೆಚ್ಚು ವರ್ಷ ಎರಡು ಕಂಪನಿಗಳು ಒಂದೇ ಬೆಟ್ಟದ ಮೇಲೆ ಬೇರೆ ಬೇರೆಯಾಗಿ ರೈಲು ಓಡಿಸಿದವು. ಒಂದಾಗಿದ್ದು 1992ರಲ್ಲಿ. ಬಣ್ಣ ಮಾತ್ರ ಆಮೇಲೂ ಉಳಿಯಿತು. ಫಿಟ್ಸ್‌ನೌ ಕಡೆಯದು ಕೆಂಪು, ಗೋಲ್ಡೌ ಕಡೆಯದು ನೀಲಿ.

1. ದಿನ ಆರಿಸುವುದು

ರೈಲು ವರ್ಷಪೂರ್ತಿ ಓಡುತ್ತದೆ. ಆದರೂ ದಿನ ನೋಡಿಯೇ ಹೋಗಬೇಕು. ಮೋಡ ಮುಚ್ಚಿದ ದಿನ ಮೇಲೆ ಹೋದರೆ ಹತ್ತು ಅಡಿ ಮುಂದೆ ಏನಿದೆ ಅಂತಲೂ ಕಾಣುವುದಿಲ್ಲ. ಪ್ರವಾಸದ ಪಟ್ಟಿಯಲ್ಲಿ ರಿಗಿಗೆ ಇಂಥದ್ದೇ ದಿನ ಅಂತ ಗಟ್ಟಿ ಮಾಡಬೇಡಿ. ಲುಸರ್ನ್ ಅಥವಾ ಜ್ಯೂರಿಕ್‌ನಲ್ಲಿ ಎರಡು ಮೂರು ದಿನ ಇರುತ್ತೀರಿ ಅಂದರೆ, ಬೆಳಗ್ಗೆ ಎದ್ದು ಕುಲ್ಮ್ ತುದಿಯ ವೆಬ್‌ಕ್ಯಾಮ್ ನೋಡಿ ಆಮೇಲೆ ನಿರ್ಧಾರ ಮಾಡಿ. ರೈಲ್ವೆಯ ಜಾಲತಾಣದಲ್ಲೇ ಅದು ಸಿಗುತ್ತದೆ.

ಇಲ್ಲೊಂದು ವಿಷಯ ಗಮನಿಸಿ. ಅಕ್ಟೋಬರ್ ಕೊನೆಯಿಂದ ಚಳಿಗಾಲ ಮುಗಿಯುವ ತನಕ ಕೆಳಗೆ ಊರಿನಲ್ಲಿ ದಟ್ಟ ಮಂಜು ಕವಿದಿರುತ್ತದೆ. ಕಿಟಕಿಯಾಚೆ ಬರೀ ಬೂದು ಬಣ್ಣ. ಇವತ್ತು ಏನೂ ಕಾಣಲ್ಲ ಅಂತ ಹೋಟೆಲಿನಲ್ಲೇ ಕೂತುಬಿಡಬೇಡಿ. ಅಂಥ ದಿನಗಳಲ್ಲಿ ಎಷ್ಟೋ ಸಲ ಮಂಜು ಕೆಳಗಷ್ಟೇ ಇರುತ್ತದೆ, ಮೇಲೆ ಚೆನ್ನಾಗಿ ಬಿಸಿಲು ಕಾಯುತ್ತಿರುತ್ತದೆ. ರೈಲು ಮಂಜಿನೊಳಗೆ ಹತ್ತುತ್ತಾ ಹತ್ತುತ್ತಾ ಒಂದು ಕಡೆ ಫಕ್ಕನೆ ಬಿಸಿಲಿಗೆ ಬರುತ್ತದೆ. ಕೆಳಗೆ ಬಿಳಿ ಮಂಜು ಹಾಸಿಕೊಂಡಿರುತ್ತದೆ, ಅದರಿಂದ ಶಿಖರಗಳಷ್ಟೇ ಎದ್ದು ನಿಂತಿರುತ್ತವೆ. ನನ್ನ ಲೆಕ್ಕದಲ್ಲಿ ರಿಗಿಯ ಅತಿ ಒಳ್ಳೆಯ ನೋಟ ಅದೇ. ವೆಬ್‌ಕ್ಯಾಮ್ ನೋಡಿ ಅನ್ನುವುದು ಇದಕ್ಕೇ.

ಹಸಿರು, ಹೂವು, ನಡಿಗೆ ಬೇಕು ಅನ್ನುವವರಿಗೆ ಜೂನ್‌ನಿಂದ ಸೆಪ್ಟೆಂಬರ್. ಶನಿವಾರ, ಭಾನುವಾರ ಬಿಸಿಲಿದ್ದರೆ ಅಲ್ಲಿನವರೂ ಮನೆಮಂದಿ ಸಮೇತ ಬರುತ್ತಾರೆ. ವಾರದ ನಡುವಿನ ದಿನ ಸಿಕ್ಕರೆ ಒಳ್ಳೆಯದು.

ಎತ್ತರದ ಬಗ್ಗೆ ಹಿರಿಯರು ಕೇಳುತ್ತಾರೆ. ಹೆದರಿಕೆ ಬೇಡ. ಕುಲ್ಮ್ ನಿಲ್ದಾಣ 1,752 ಮೀಟರ್ ಎತ್ತರದಲ್ಲಿದೆ. ಬೆಟ್ಟದ ನೆತ್ತಿ 1,800 ಮೀಟರ್ ಮುಟ್ಟುವುದಿಲ್ಲ. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ಊಟಿ ಇನ್ನೂ ಎತ್ತರ. ಉಸಿರು ಕಟ್ಟುವ ಪ್ರಶ್ನೆ ಬರುವುದಿಲ್ಲ. ಚಳಿಯದ್ದು ಬೇರೆ ವಿಷಯ. ಕೆರೆ ದಡಕ್ಕಿಂತ ಮೇಲೆ ಎಂಟೊಂಬತ್ತು ಡಿಗ್ರಿ ಕಡಿಮೆ ಇರುತ್ತದೆ, ಗಾಳಿಯೂ ಬೀಸುತ್ತದೆ. ಜುಲೈ ತಿಂಗಳಾದರೂ ಒಂದು ಸ್ವೆಟರ್, ಗಾಳಿ ತಡೆಯುವ ಜಾಕೆಟ್ ಚೀಲದಲ್ಲಿರಲಿ.

2. ಟಿಕೆಟ್

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಜಾಸ್ತಿ ಇಲ್ಲ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ರಿಗಿಯ ಎರಡೂ ದಾರಿಯ ರೈಲು, ಲುಸರ್ನ್ ಕೆರೆಯ ದೋಣಿ, ವೆಗ್ಗಿಸ್‌ನ ಕೇಬಲ್ ಕಾರ್ ಎಲ್ಲವೂ ಅದರಲ್ಲೇ ಸೇರಿವೆ. ಬೇರೆ ದುಡ್ಡು ಕೊಡಬೇಕಿಲ್ಲ. ಯುಂಗ್‌ಫ್ರೌ ತುದಿಗಾಗಲಿ ಟಿಟ್ಲಿಸ್‌ಗಾಗಲಿ ಇದೇ ಪಾಸಿನಲ್ಲಿ ಸಿಗುವುದು ರಿಯಾಯಿತಿ ಅಷ್ಟೇ. ಕುಟುಂಬ ಸಮೇತ ಹೋಗುವವರಿಗೆ ಇದು ದೊಡ್ಡ ಉಳಿತಾಯ ಅಲ್ವಾ? ಹಾಫ್ ಫೇರ್ ಕಾರ್ಡ್ ಇದ್ದರೆ ಅರ್ಧ ದರ. ಎರಡೂ ಇಲ್ಲದಿದ್ದರೆ ಲುಸರ್ನ್ ನಿಲ್ದಾಣದ ಕೌಂಟರಿನಲ್ಲಿ, ಬೆಟ್ಟದ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುತ್ತೇವೆ, ದೋಣಿಯೂ ಸೇರಬೇಕು ಅಂತ ಹೇಳಿ ಕೇಳಿ. ಬರೀ ಹೋಗಿ ಬರುವ ಟಿಕೆಟ್ ತೆಗೆದುಕೊಂಡರೆ ಅದೇ ದಾರಿಗೆ ಕಟ್ಟುಬೀಳುವ ಸಾಧ್ಯತೆ ಇದೆ.

ವೇಳೆ ನೋಡಲು ಅಲ್ಲಿನ ರೈಲ್ವೆಯ ಎಸ್‌ಬಿಬಿ ಆ್ಯಪ್ ಸಾಕು. ಎಲ್ಲಿಗೆ ಅನ್ನುವ ಜಾಗದಲ್ಲಿ ರಿಗಿ ಕುಲ್ಮ್ ಅಂತ ಹಾಕಿದರೆ ದೋಣಿ, ರೈಲು ಎಲ್ಲ ಜೋಡಿಸಿ ತೋರಿಸುತ್ತದೆ. ಫಿಟ್ಸ್‌ನೌ ಎಂಬ ಹೆಸರು ಅಲ್ಲಿ ಇಂಗ್ಲಿಷಿನ ವಿ ಅಕ್ಷರದಿಂದ ಶುರುವಾಗುತ್ತದೆ, ಎಫ್ ಅಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

3. ಯಾವ ಕಡೆಯಿಂದ ಹತ್ತುವುದು

ಲುಸರ್ನ್‌ನಲ್ಲಿ ಉಳಿದಿದ್ದರೆ ಎರಡನೇ ಯೋಚನೆ ಬೇಡ. ದೋಣಿಯಲ್ಲಿ ಫಿಟ್ಸ್‌ನೌಗೆ ಹೋಗಿ, ಕೆಂಪು ರೈಲಿನಲ್ಲಿ ಹತ್ತಿ, ನೀಲಿ ದಾರಿಯಲ್ಲಿ ಗೋಲ್ಡೌಗೆ ಇಳಿಯಿರಿ. ಗೋಲ್ಡೌನಿಂದ ಲುಸರ್ನ್‌ಗೆ ಮಾಮೂಲಿ ರೈಲಿನಲ್ಲಿ ಅರ್ಧ ಗಂಟೆ.

ಜ್ಯೂರಿಕ್‌ನಿಂದ ಬರುವವರು ಇದನ್ನೇ ತಿರುಗಿಸಿಕೊಳ್ಳಬಹುದು. ಬೆಳಗ್ಗೆ ನೇರ ಗೋಲ್ಡೌಗೆ ಬಂದು ಹತ್ತಿ, ಫಿಟ್ಸ್‌ನೌ ಕಡೆ ಇಳಿದು, ಸಂಜೆ ಬಿಸಿಲಲ್ಲಿ ದೋಣಿಯಲ್ಲಿ ಲುಸರ್ನ್ ಸೇರುವುದು. ಬೆಳಗಿನ ದೋಣಿಯಲ್ಲಿ ಬರುವ ಗುಂಪಿನ ಗದ್ದಲವೂ ಇದರಲ್ಲಿ ತಪ್ಪುತ್ತದೆ. ಆದರೂ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಫಿಟ್ಸ್‌ನೌನಿಂದಲೇ ಹತ್ತಿ ಅಂತ. ಹಳೆಯ ದಾರಿ ಅದು, ಕಡಿದಾದ ದಾರಿಯೂ ಅದೇ. ಕಡಿದು ಎಷ್ಟು ಅಂತ ಗೊತ್ತಾಗುವುದು ಹತ್ತುವಾಗ.

ದೋಣಿ ಲುಸರ್ನ್ ರೈಲು ನಿಲ್ದಾಣದ ಎದುರಿನಿಂದಲೇ ಹೊರಡುತ್ತದೆ. ಸುಮಾರು ಒಂದು ಗಂಟೆಯ ಪಯಣ. ಈ ಕೆರೆಯಲ್ಲಿ ಹಳೆಯ ಉಗಿ ದೋಣಿಗಳು ಇನ್ನೂ ಓಡುತ್ತವೆ. 1901ರ ಊರಿ, 1902ರ ಉಂಟರ್‌ವಾಲ್ಡನ್, 1906ರ ಷಿಲ್ಲರ್, 1913ರ ಗಾಲಿಯಾ, 1928ರ ಷ್ಟಾಟ್ ಲುಸರ್ನ್. ಪಕ್ಕಕ್ಕೆ ದೊಡ್ಡ ಗಾಲಿ ಇರುವಂಥವು. ಬೇಸಿಗೆಯಲ್ಲಿ ಯಾವ ಹೊತ್ತಿಗೆ ಉಗಿ ದೋಣಿ ಅಂತ ವೇಳಾಪಟ್ಟಿಯಲ್ಲೇ ಗುರುತು ಹಾಕಿರುತ್ತಾರೆ. ಸಿಕ್ಕರೆ ಅದನ್ನೇ ಹಿಡಿಯಿರಿ. ಒಳಗೆ ನಡುವೆ ನಿಂತು ಕೆಳಗೆ ಬಗ್ಗಿ ನೋಡಿದರೆ ಇಂಜಿನ್ನಿನ ಹೊಳೆಯುವ ಉಕ್ಕಿನ ತೋಳುಗಳು ತಿರುಗುವುದು ಕಾಣುತ್ತದೆ. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ.

4. ಫಿಟ್ಸ್‌ನೌನಲ್ಲಿ ಹಳಿ ನೋಡದೆ ರೈಲು ಹತ್ತಬೇಡಿ

ದೋಣಿ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ರೈಲು. ಎಲ್ಲರೂ ಸೀಟಿಗೆ ಓಡುತ್ತಾರೆ. ಸಾಧ್ಯವಾದರೆ ಒಂದು ದೋಣಿ ಮುಂಚೆ ಬನ್ನಿ, ಇಲ್ಲವೇ ಒಂದು ರೈಲು ಬಿಟ್ಟುಬಿಡಿ. ಆ ಸಮಯ ವ್ಯರ್ಥವಲ್ಲ.

ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತು ಹಳಿಗಳ ನಡುವೆ ನೋಡಿ. ಇಳಿಯಬೇಡಿ, ಮೇಲಿಂದಲೇ ಸರಿಯಾಗಿ ಕಾಣುತ್ತದೆ. ಎರಡು ಮಾಮೂಲಿ ಹಳಿಗಳ ಮಧ್ಯೆ ನೆಲಕ್ಕೆ ಮಲಗಿಸಿದ ಕಬ್ಬಿಣದ ಏಣಿ ಇಟ್ಟಂತಿದೆ. ಎರಡು ಬದಿಗೂ ಗಟ್ಟಿ ಉಕ್ಕಿನ ಪಟ್ಟಿ, ಅವುಗಳ ನಡುವೆ ಅಡ್ಡಡ್ಡ ಮೆಟ್ಟಿಲು. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಸುಮಾರು 10 ಸೆಂಟಿಮೀಟರ್. ಮೆಟ್ಟಿಲು ದುಂಡಗಿಲ್ಲ, ಅಡ್ಡ ಕತ್ತರಿಸಿ ನೋಡಿದರೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಹಾಗಿದ್ದರೆ ಚಕ್ರದ ಹಲ್ಲು ಸಲೀಸಾಗಿ ಒಳಗಿಳಿದು ಪೂರ್ತಿ ಒರಗಿ ಕೂರುತ್ತದೆ, ಜಿಗಿದು ಮೇಲೇರುವುದಿಲ್ಲ. ಮೇಲೆಲ್ಲ ಕಪ್ಪಗೆ ಗ್ರೀಸ್. ಹಲ್ಲು ತಾಗುವ ಜಾಗ ಮಾತ್ರ ಸವೆದು ಬೆಳ್ಳಗೆ ಹೊಳೆಯುತ್ತಿರುತ್ತದೆ. ರಿಗ್ಗೆನ್‌ಬಾಖ್ ಹಳಿ ಅಂದರೆ ಇದೇ.

ಊಟಿ ರೈಲು ನೋಡಿದವರು ಇಲ್ಲಿ ಒಂದು ವ್ಯತ್ಯಾಸ ಗುರುತಿಸಬಹುದು. ಕಲ್ಲಾರ್‌ನಿಂದ ಕುನ್ನೂರಿನ ತನಕ ನಮ್ಮಲ್ಲಿರುವುದು ಏಣಿ ಅಲ್ಲ. ಹಲ್ಲು ಕೊರೆದ ಎರಡು ಉಕ್ಕಿನ ಪಟ್ಟಿಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದಾರೆ. ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದು. ಯಾವ ಕ್ಷಣದಲ್ಲೂ ಒಂದಾದರೂ ಹಲ್ಲು ಪೂರ್ತಿ ಕಚ್ಚಿಕೊಂಡಿರಲಿ ಅಂತ ಈ ಜೋಡಣೆ. ಇದನ್ನು ಮಾಡಿದವರು ರೋಮನ್ ಆಪ್ಟ್. ಅವರು ರಿಗ್ಗೆನ್‌ಬಾಖ್ ಕೈಕೆಳಗೆ ಕೆಲಸ ಕಲಿತ ಇಂಜಿನಿಯರ್. ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. 1880ರ ದಶಕದ ಆರಂಭದಲ್ಲಿ ರಿಗ್ಗೆನ್‌ಬಾಖ್ ಅವರೇ ನೀಲಗಿರಿಗೆ ಬಂದು, ಕುನ್ನೂರಿಗೆ ರಿಗಿ ಮಾದರಿಯ ರೈಲು ಹಾಕುವ ಬಗ್ಗೆ ಅಂದಾಜು ಮಾಡಿಕೊಟ್ಟಿದ್ದರು. ಆ ಯೋಜನೆ ನಡೆಯಲಿಲ್ಲ. ಕೊನೆಗೆ ಶಿಷ್ಯನ ಹಳಿ ಹಾಕಿ 1899ರಲ್ಲಿ ಕುನ್ನೂರಿನ ತನಕ ರೈಲು ಬಂತು, 1908ರಲ್ಲಿ ಊಟಿ ಮುಟ್ಟಿತು.

ನಿಲ್ದಾಣದ ಮುಂದೆ ಒಂದು ತಿರುಗು ವೇದಿಕೆ ಇದೆ. ಶೆಡ್ಡಿಗೆ ಹೋಗುವ ಗಾಡಿಗಳನ್ನು ಇದರ ಮೇಲೆ ನಿಲ್ಲಿಸಿ ತಿರುಗಿಸುತ್ತಾರೆ. ಅಲ್ಲಿ ಏನಾದರೂ ಕೆಲಸ ನಡೆಯುತ್ತಿದ್ದರೆ ನಿಂತು ನೋಡಿ.

5. ಹತ್ತುವಾಗ

ಫಿಟ್ಸ್‌ನೌ 435 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ತುದಿಗೆ ಸುಮಾರು 7 ಕಿಲೋಮೀಟರ್. ಅರ್ಧ ಗಂಟೆಯಲ್ಲಿ 1,300 ಮೀಟರ್ ಮೇಲೇರುತ್ತೀರಿ. ಅತಿ ಕಡಿದಾದ ಕಡೆ ಏರು ನೂರಕ್ಕೆ 25. ಅಂದರೆ ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ನೀಲಗಿರಿ ರೈಲಿನ ಅತಿ ಜಾಸ್ತಿ ಏರು ಹನ್ನೆರಡಕ್ಕೆ ಒಂದು. ಅದರ ಮೂರು ಪಟ್ಟು ಇದು.

ಎಡಗಡೆ ಕಿಟಕಿ ಹಿಡಿಯಿರಿ, ಕೆರೆ ಆ ಕಡೆ. ಸಾಧ್ಯವಾದರೆ ಹಿಂದಿನ ತುದಿಗೆ ಹತ್ತಿರ ಕೂತು, ಕೆಳಮುಖವಾಗಿ ನೋಡುವ ಸೀಟು ಆರಿಸಿ. ಎಲ್ಲರೂ ಮುಂದಕ್ಕೆ ನೋಡುವ ಸೀಟಿಗೆ ಬೀಳುತ್ತಾರೆ. ಮುಂದೆ ಕಾಣುವುದು ಬೆಟ್ಟದ ಮೈ. ಹಿಂದೆ ನೋಡಿದರೆ ಊರಿನ ಚಾವಣಿಗಳು ಕೆಳಗಿಳಿಯುತ್ತಾ, ಕೆರೆ ಅಗಲವಾಗುತ್ತಾ ಹೋಗುತ್ತದೆ.

ಹೊರಟ ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಸುರಂಗ. ಆಮೇಲೆ ಷ್ನುರ್‌ಟೋಬೆಲ್ ಎಂಬ ಕಂದಕದ ಮೇಲಿನ ಸೇತುವೆ. ಸೇತುವೆಯೂ ಇಳಿಜಾರಿನಲ್ಲೇ ನಿಂತಿದೆ ಅನ್ನುವುದನ್ನು ಗಮನಿಸಿ. 1871ರಲ್ಲಿ ಇದರ ಮೇಲೆ ಮೊದಲ ಸಲ ಹೋದವರಿಗೆ ಜೀವ ಬಾಯಿಗೆ ಬಂದಿರಬೇಕು. ಇಷ್ಟು ಕಡಿದಾದ ಏರಿನಲ್ಲಿ ರೈಲು ಹೋಗುವುದನ್ನು ಯುರೋಪಿನಲ್ಲಿ ಅದಕ್ಕೂ ಮೊದಲು ಯಾರೂ ಕಂಡಿರಲಿಲ್ಲ.

ಆ ಕಾಲದ ಉಗಿ ರೈಲಿನಲ್ಲಿ ಇಂಜಿನ್ ಯಾವಾಗಲೂ ಇಳಿಜಾರಿನ ಕೆಳಗಡೆ ಇರುತ್ತಿತ್ತು. ಬೋಗಿಯನ್ನು ಎಳೆಯುವುದಲ್ಲ, ತಳ್ಳುವುದು. ಕೊಂಡಿ ತುಂಡಾದರೂ ಬೋಗಿ ಬಂದು ಇಂಜಿನ್ನಿಗೆ ಒರಗಿ ನಿಲ್ಲುತ್ತದೆ, ಉರುಳಿ ಹೋಗುವುದಿಲ್ಲ. ಊಟಿ ರೈಲಿನಲ್ಲೂ ಹತ್ತುವಾಗ ಇಂಜಿನ್ ಹಿಂದಿರುವುದು ಇದಕ್ಕೇ. ಇಳಿಯುವಾಗ ಇನ್ನೊಂದು ಜಾಣತನ. ಬ್ರೇಕ್ ಕಟ್ಟೆಯನ್ನೇ ಒತ್ತುತ್ತಾ ಬಂದರೆ ಅದು ಕಾದು ಕೆಂಪಾಗುತ್ತದೆ. ಹಾಗಾಗಿ ಇಳಿಯುವಾಗ ಇಂಜಿನ್ನಿನ ಸಿಲಿಂಡರುಗಳು ಉಗಿ ಬಿಟ್ಟು ಗಾಳಿಯನ್ನು ಒತ್ತುವಂತೆ ರಿಗ್ಗೆನ್‌ಬಾಖ್ ಮಾಡಿದರು. ಒತ್ತಿದ ಗಾಳಿ ತಿರುಗಿ ತಡೆಯುತ್ತದೆ, ಗಾಡಿ ನಿಧಾನಕ್ಕೆ ಇಳಿಯುತ್ತದೆ. ಬಿಸಿ ಏರದಿರಲಿ ಅಂತ ಸಿಲಿಂಡರಿಗೆ ಸ್ವಲ್ಪ ನೀರು ಬಿಡುತ್ತಾರೆ. ಇವತ್ತು ನೀವು ಕೂರುವುದು ಕರೆಂಟ್ ರೈಲಿನಲ್ಲಿ. ಗೋಲ್ಡೌ ಕಡೆಗೆ 1907ರಲ್ಲಿ, ಫಿಟ್ಸ್‌ನೌ ಕಡೆಗೆ 1937ರಲ್ಲಿ ಕರೆಂಟ್ ಬಂತು. ಆದರೆ ಕೆಳಗಿನಿಂದ ಕೇಳುವ ಹಲ್ಲು ಕಚ್ಚುವ ಸದ್ದು ಹಾಗೇ ಇದೆ. ಕಿವಿಗೆ ಸಿಕ್ಕಿಸಿದ ಹಾಡು ತೆಗೆದಿಟ್ಟು ಅದನ್ನು ಕೇಳಿ.

6. ಕಾಲ್ಟ್‌ಬಾಡ್‌ನಲ್ಲಿ ಇಳಿಯಬೇಕೋ ಬೇಡವೋ

ಅರ್ಧ ದಾರಿ ದಾಟಿದ ಮೇಲೆ ರಿಗಿ ಕಾಲ್ಟ್‌ಬಾಡ್ ಬರುತ್ತದೆ. ಕಾರುಗಳೇ ಇಲ್ಲದ ಸಣ್ಣ ಊರು. ವೆಗ್ಗಿಸ್‌ನಿಂದ ಬರುವ ಕೇಬಲ್ ಕಾರ್ ಸೇರುವುದೂ ಇಲ್ಲೇ. ವಾಸ್ತುಶಿಲ್ಪಿ ಮಾರಿಯೋ ಬೊಟ್ಟಾ ಕಟ್ಟಿದ ಬಿಸಿನೀರಿನ ಸ್ನಾನದ ಮನೆ 2012ರಿಂದ ಇದೆ. ಮನಸ್ಸಿದ್ದವರು ಈಜುಡುಗೆ ತಂದಿರಲಿ.

ನಡೆಯುವ ಆಸೆ ಇದ್ದರೆ ಇಲ್ಲಿಂದ ಒಂದು ವಿಶೇಷವಾದ ದಾರಿ ಇದೆ. ಕಾಲ್ಟ್‌ಬಾಡ್‌ನಿಂದ ಶೈಡೆಗ್ ಕಡೆಗೆ ಸುಮಾರು 7 ಕಿಲೋಮೀಟರ್, ಹೆಚ್ಚುಕಡಿಮೆ ಸಮತಟ್ಟು. ಬೆಟ್ಟದ ಮೇಲೆ ಇಷ್ಟು ಸಮನಾದ ದಾರಿ ಹೇಗೆ ಬಂತು ಅಂದರೆ, ಇದು ಒಂದು ಕಾಲದ ರೈಲು ದಾರಿ. 1870ರ ದಶಕದಲ್ಲಿ ಹಾಕಿದ್ದು, 1931ರಲ್ಲಿ ನಿಂತುಹೋಯಿತು. ಈಗ ಹಳಿ ಇಲ್ಲ. ಹಳೆಯ ಸೇತುವೆ, ಸುರಂಗ ಹಾಗೇ ಇವೆ, ಅದರೊಳಗೇ ನಡೆದು ಹೋಗುತ್ತೀರಿ. ಶೈಡೆಗ್‌ನಿಂದ ಸಣ್ಣ ಕೇಬಲ್ ಕಾರಿನಲ್ಲಿ ಕ್ರೇಬೆಲ್‌ಗೆ ಇಳಿದರೆ ಅಲ್ಲಿ ಗೋಲ್ಡೌ ಕಡೆಯ ನೀಲಿ ರೈಲು ಸಿಗುತ್ತದೆ. ತುದಿ ನೋಡಿ ಬಂದ ಮೇಲೆ ಎರಡು ಎರಡೂವರೆ ಗಂಟೆ ಕೈಯಲ್ಲಿದ್ದರೆ ಇದನ್ನು ಖಂಡಿತ ಮಾಡಿ. ರೈಲು ಪ್ರೀತಿಸುವವರಿಗೆ ಈ ಬೆಟ್ಟದ ಮೇಲೆ ಇದಕ್ಕಿಂತ ಒಳ್ಳೆಯ ನಡಿಗೆ ನನಗೆ ಗೊತ್ತಿಲ್ಲ.

ಪುಟ್ಟ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇಳಿಯದೆ ನೇರ ಕುಲ್ಮ್‌ಗೆ ಹೋಗಿ.

7. ತುದಿಯಲ್ಲಿ

ಸ್ಟಾಫೆಲ್ ನಿಲ್ದಾಣದ ಹತ್ತಿರ ಕಿಟಕಿಯಾಚೆ ನೋಡಿ. ಗೋಲ್ಡೌ ಕಡೆಯ ಹಳಿ ಬಂದು ಪಕ್ಕಕ್ಕೆ ಸೇರುತ್ತದೆ. ಅಲ್ಲಿಂದ ತುದಿಯ ತನಕ ಎರಡು ಹಳಿಗಳು ಜೊತೆಜೊತೆಗೆ ಹತ್ತುತ್ತವೆ. ಒಂದೇ ಹೊತ್ತಿಗೆ ಎರಡು ರೈಲು ಬಂದರೆ ಅಕ್ಕಪಕ್ಕ ಓಡುವುದು ನೋಡಲು ಬಲು ಚೆಂದ.

ಕುಲ್ಮ್‌ನಲ್ಲಿ ಇಳಿದ ಮೇಲೆ ನೆತ್ತಿಗೆ ಹತ್ತು ನಿಮಿಷದ ಏರು. ದಕ್ಷಿಣಕ್ಕೆ ಹಿಮದ ಶಿಖರಗಳ ಸಾಲು. ಉತ್ತರದ ಅಂಚಿಗೆ ಹೋದರೆ ಬೆಟ್ಟ ನೇರ ಕೆಳಗಿಳಿದು ಟ್ಸೂಗ್ ಕೆರೆ ಕಾಲಡಿಯಲ್ಲಿ ಕಾಣುತ್ತದೆ. ಬೇಲಿ ದಾಟಬೇಡಿ, ಮಕ್ಕಳ ಕೈ ಬಿಡಬೇಡಿ. ರೈಲು ಬರುವ ಮುಂಚೆಯೇ, 1816ರಿಂದಲೇ, ಇಲ್ಲೊಂದು ವಸತಿಗೃಹ ಇತ್ತು. ಸೂರ್ಯೋದಯ ನೋಡಲೆಂದೇ ಜನ ಕುದುರೆಯ ಮೇಲೆ, ಡೋಲಿಯಲ್ಲಿ, ಕಾಲ್ನಡಿಗೆಯಲ್ಲಿ ಹತ್ತಿ ಬಂದು ರಾತ್ರಿ ಉಳಿಯುತ್ತಿದ್ದರು. ಈಗಲೂ ಹೋಟೆಲ್ ಇದೆ. ಖರ್ಚಿಗೆ ಅಡ್ಡಿ ಇಲ್ಲದವರು ಒಂದು ರಾತ್ರಿ ಉಳಿಯಬಹುದು. ಸಂಜೆಯ ಕೊನೆಯ ರೈಲು ಇಳಿದ ಮೇಲೆ ಬೆಟ್ಟದ ಮೇಲೆ ಉಳಿಯುವವರು ಕೆಲವೇ ಮಂದಿ.

ಊಟದ ವಿಷಯ. ಮೇಲೆ ಹೋಟೆಲುಗಳಿವೆ, ದರ ಜಾಸ್ತಿ. ಸಸ್ಯಾಹಾರಿಗಳಿಗೆ ರೋಸ್ಟಿ ಸಿಗುತ್ತದೆ, ತುರಿದ ಆಲೂಗಡ್ಡೆಯನ್ನು ಹೊಂಬಣ್ಣಕ್ಕೆ ಹುರಿದದ್ದು. ಆಲ್ಪ್ಲರ್‌ಮಾಗ್ರೋನೆನ್ ಅಂತ ಇನ್ನೊಂದಿದೆ. ಮ್ಯಾಕರೋನಿ, ಆಲೂಗಡ್ಡೆ, ಚೀಸ್, ಈರುಳ್ಳಿ ಹಾಕಿ ಮಾಡುತ್ತಾರೆ, ಪಕ್ಕಕ್ಕೆ ಸೇಬಿನ ಗೊಜ್ಜು. ಎರಡರಲ್ಲೂ ಕೆಲವು ಕಡೆ ಹಂದಿಮಾಂಸದ ಚೂರು ಹಾಕುವುದುಂಟು. ತರಿಸುವ ಮುಂಚೆ "ಓನೆ ಷ್ಪೆಕ್" ಅನ್ನಿ, ಅದಿಲ್ಲದೆ ಕೊಡುತ್ತಾರೆ. ನನ್ನ ಕೇಳಿದರೆ ಬುತ್ತಿಯೇ ಒಳ್ಳೆಯದು. ಲುಸರ್ನ್ ನಿಲ್ದಾಣದ ಅಂಗಡಿಯಲ್ಲಿ ಬ್ರೆಡ್ಡು, ಹಣ್ಣು, ಮೊಸರು ಸಿಗುತ್ತದೆ. ಊರಿಂದ ತಂದ ಚಟ್ನಿಪುಡಿ ಇದ್ದರೆ ಕೇಳುವುದೇ ಬೇಡ. ಕೂತು ತಿನ್ನಲು ಬೆಂಚುಗಳಿವೆ. ಕಸ ಚೀಲಕ್ಕೆ ಹಾಕಿ ವಾಪಸ್ ತನ್ನಿ.

ಕುಲ್ಮ್‌ನಿಂದ ಸ್ಟಾಫೆಲ್ ತನಕವಾದರೂ ನಡೆದು ಇಳಿಯಿರಿ. ದಾರಿ ಹಳಿಯ ಹತ್ತಿರವೇ ಸಾಗುತ್ತದೆ. ರೈಲು ಹತ್ತುವುದನ್ನು ಹೊರಗಿನಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಳದಿ ಫಲಕಗಳಲ್ಲಿ ಬರೆದಿರುವುದು ದೂರ ಅಲ್ಲ, ನಡೆಯಲು ಹಿಡಿಯುವ ಸಮಯ. ಅದು ಅಲ್ಲಿನವರ ವೇಗ, ನಮ್ಮ ಕುಟುಂಬದ ನಡಿಗೆಗೆ ಅದರ ಮೇಲೆ ಕಾಲು ಭಾಗ ಸೇರಿಸಿಕೊಳ್ಳಿ. ಚಳಿಗಾಲದಲ್ಲಿ ಹಿಮ ಗಟ್ಟಿಯಾಗಿ ಜಾರುತ್ತದೆ, ಒಳ್ಳೆಯ ಹಿಡಿತದ ಬೂಟು ಬೇಕು.

8. ಗೋಲ್ಡೌ ಕಡೆ ಇಳಿಯುವಾಗ

ಈ ದಾರಿ ಸ್ವಲ್ಪ ಉದ್ದ, ಎಂಟೂವರೆ ಕಿಲೋಮೀಟರ್. ಏರು ನೂರಕ್ಕೆ 20. ಕೆರೆಯ ನೋಟ ಇಲ್ಲಿ ಕಡಿಮೆ. ಹುಲ್ಲುಗಾವಲು, ಕಾಡು, ಕಂದಕ ಜಾಸ್ತಿ. ಜನವೂ ಕಡಿಮೆ. ಕ್ಲೋಸ್ಟರ್ಲಿ ಎಂಬಲ್ಲಿ ಹಿಮದ ಮೇರಿ ಮಾತೆಯ ಹಳೆಯ ಪ್ರಾರ್ಥನಾ ಮಂದಿರವಿದೆ. ಪ್ರವಾಸಿಗಳು ಬರುವುದಕ್ಕೂ ಮೊದಲು ಈ ಬೆಟ್ಟ ಹತ್ತುತ್ತಿದ್ದವರು ಇಲ್ಲಿಗೆ ಬರುವ ಯಾತ್ರಿಕರು.

ಕೆಳಗೆ ಬರುತ್ತಾ ಎದುರಿಗೆ ಕಾಣುವ ರೋಸ್‌ಬರ್ಗ್ ಬೆಟ್ಟವನ್ನು ನೋಡಿ. ಅದರ ಮೈಯಲ್ಲಿ ಒಂದು ದೊಡ್ಡ ಗಾಯದ ಗುರುತು ಇದೆ. 1806ರ ಸೆಪ್ಟೆಂಬರ್ 2ರಂದು ಆ ಬೆಟ್ಟದ ಒಂದು ಪಾರ್ಶ್ವವೇ ಕುಸಿದು ಕೆಳಗಿನ ಗೋಲ್ಡೌ ಊರನ್ನು ಮುಚ್ಚಿಹಾಕಿತು. 457 ಜನ ಸತ್ತರು. ಇವತ್ತಿನ ಗೋಲ್ಡೌ ಆ ಮಣ್ಣುಕಲ್ಲಿನ ಮೇಲೆ ಮತ್ತೆ ಎದ್ದ ಊರು. ನಿಲ್ದಾಣದ ಸುತ್ತ ಅಲ್ಲಲ್ಲಿ ಕಾಣುವ ದೊಡ್ಡ ಬಂಡೆಗಳು ಅಂದು ಉರುಳಿ ಬಂದವು. ಮಡಿಕೇರಿ, ವಯನಾಡಿನ ಭೂಕುಸಿತಗಳನ್ನು ಕಂಡಿರುವ ನಮಗೆ ಇದನ್ನು ನೋಡಿ ಸುಮ್ನೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಗೋಲ್ಡೌನಲ್ಲಿ ಹಲ್ಲಿನ ಹಳಿ ರೈಲು ಬಂದು ನಿಲ್ಲುವ ಪ್ಲಾಟ್‌ಫಾರ್ಮ್ ಮಾಮೂಲಿ ರೈಲುಗಳ ಹಳಿಗಳ ಮೇಲೆ, ಸೇತುವೆಯ ಹಾಗೆ ಅಡ್ಡಕ್ಕೆ ಕಟ್ಟಿದ್ದು. ಕೆಳಗೆ ದೂರದ ಊರಿನ ರೈಲುಗಳು ಓಡುತ್ತಿರುತ್ತವೆ. ಇಳಿದು ಬಂದರೆ ಲುಸರ್ನ್, ಜ್ಯೂರಿಕ್ ಎರಡೂ ಕಡೆಗೆ ರೈಲು ಸಿಗುತ್ತದೆ.

ಉಗಿ ಇಂಜಿನ್ನೇ ಬೇಕು ಅನ್ನುವವರಿಗೆ

ರಿಗಿಯಲ್ಲಿ 16 ಮತ್ತು 17ನೇ ನಂಬರಿನ ಎರಡು ಉಗಿ ಇಂಜಿನ್‌ಗಳಿವೆ. ಒಂದು 1923ರದು, ಇನ್ನೊಂದು 1925ರದು. ಬೇಸಿಗೆಯ ಆಯ್ದ ದಿನಗಳಲ್ಲಿ ಮಾತ್ರ ಓಡುತ್ತವೆ. ಪಾಸ್ ಇದ್ದರೂ ಇದಕ್ಕೆ ಮೇಲೊಂದಿಷ್ಟು ಕೊಡಬೇಕು, ಸೀಟು ಮುಂಚೆಯೇ ಕಾದಿರಿಸಬೇಕು. ದಿನಾಂಕ ನೋಡಿಕೊಂಡೇ ಪ್ರವಾಸ ಹೊಂದಿಸಿ. ಅದು ಕೂಡಿಬರದಿದ್ದರೆ ಬ್ರೀಂಟ್ಸ್ ಊರಿನಿಂದ ರೋಟ್‌ಹಾರ್ನ್ ಬೆಟ್ಟಕ್ಕೆ ಹೋಗುವ ರೈಲಿದೆ. 1892ರದು, ಬೇಸಿಗೆಯಲ್ಲಿ ಉಗಿ ಇಂಜಿನ್‌ಗಳು ದಿನವೂ ಓಡುತ್ತವೆ, ಹಳಿ ಊಟಿಯದರ ಹಾಗೆ ಆಪ್ಟ್ ಮಾದರಿಯದು. ಸ್ವಿಸ್ ಪಾಸಿನಲ್ಲಿ ಅದಕ್ಕೆ ರಿಯಾಯಿತಿ ಅಷ್ಟೇ.

ಲುಸರ್ನ್‌ನ ಸಾರಿಗೆ ಮ್ಯೂಸಿಯಂಗೂ ಅರ್ಧ ದಿನ ಇಡಿ. ಕೆರೆ ದಡದಲ್ಲೇ ಇದೆ, ದೋಣಿ ಅಲ್ಲೂ ನಿಲ್ಲುತ್ತದೆ. ರಿಗಿಯ 7ನೇ ನಂಬರಿನ ಇಂಜಿನ್ ಇದೇ ಮ್ಯೂಸಿಯಂ ಸಂಗ್ರಹಕ್ಕೆ ಸೇರಿದ್ದು. 1873ರದು. ಬಾಯ್ಲರ್ ಉದ್ದಕ್ಕೆ ಮಲಗಿಲ್ಲ, ನೆಟ್ಟಗೆ ನಿಂತಿದೆ. ಮಲಗಿದ್ದರೆ ಅಷ್ಟು ಕಡಿದಾದ ಏರಿನಲ್ಲಿ ನೀರೆಲ್ಲ ಒಂದೇ ಕಡೆ ಸೇರಿ ಇನ್ನೊಂದು ತುದಿ ಒಣಗಿ ಸುಟ್ಟುಹೋಗುತ್ತದೆ. 2021ರಲ್ಲಿ ರೈಲಿಗೆ 150 ತುಂಬಿದಾಗ ಇದನ್ನು ಮತ್ತೆ ಬೆಂಕಿ ಹಾಕಿ ಬೆಟ್ಟ ಹತ್ತಿಸಿದ್ದರು. ಎಲ್ಲಿ ನಿಲ್ಲಿಸಿದ್ದಾರೆ ಅಂತ ಬಾಗಿಲಲ್ಲೇ ಕೇಳಿಕೊಳ್ಳಿ. ವಿಂಟರ್‌ಟೂರ್ ಊರಿನ ಎಸ್‌ಎಲ್‌ಎಂ ಕಾರ್ಖಾನೆ ಕಟ್ಟಿದ ಮೊಟ್ಟಮೊದಲ ಇಂಜಿನ್ ಇದು. ಮೆಟ್ಟುಪಾಳ್ಯಂನಿಂದ ಕುನ್ನೂರಿಗೆ ರೈಲು ತಳ್ಳಿಕೊಂಡು ಹೋದ ನೀಲಗಿರಿಯ ಎಕ್ಸ್ ಕ್ಲಾಸ್ ಉಗಿ ಇಂಜಿನ್‌ಗಳೂ ಬಂದದ್ದು ಇದೇ ಕಾರ್ಖಾನೆಯಿಂದ. ಮುಂದಿನ ಸಲ ಕುನ್ನೂರಿಗೆ ಹೋದಾಗ ಇಂಜಿನ್ನಿನ ಮೈಮೇಲೆ ವಿಂಟರ್‌ಟೂರ್ ಅಂತ ಬರೆದ ತಗಡು ಇದೆಯಾ ಅಂತ ಹುಡುಕಿ ನೋಡಿ.